ಒಂದರೊಳಗೊಂದು ಕುರ್ಚಿ

ಹೊಸಪೇಟೆ
ಬುಧವಾರ, ಬೆಳಿಗ್ಗೆ ಆರು ಗಂಟೆ

ಮಾನ್ಯ ಮತಬಾಂಧವರೇ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ತಾಯಂದಿರೇ, ಚಹಾದಂಗಡಿ ಕಟ್ಟೆಯ ಮೇಲೆ ಕೂತು ದೇಶ ಆಳುವ ಅಣ್ಣಂದಿರೇ, ಕಿಟಕಿಯ ಸಂದಿಯಿಂದ ಕಿವಿಯನ್ನಷ್ಟೇ ಹೊರಗಿಟ್ಟ ಅತ್ತೆಯಂದಿರೇ! ನಿಮ್ಮೆಲ್ಲರ ಪಾದಕ್ಕೆ ನನ್ನ ನಮಸ್ಕಾರ, ನಿಮ್ಮ ನಾಲಿಗೆಗೆ ಮಾತ್ರ ನನ್ನ ಧಿಕ್ಕಾರ.

ಪ್ರೀತಿಯ ರೇಣುಕಾ,

ಹೆದರಬೇಡ, ಇದು ಭಾಷಣವಲ್ಲ. ಇಪ್ಪತ್ತೆರಡು ವರ್ಷದಿಂದ ಆಟೋ ಮೈಕಿಗೆ ದನಿ ಕೊಟ್ಟವಳ ಮುಂದೆ ಖಾಲಿ ಕಾಗದ ಇಟ್ಟರೂ ಊರೇ ಎದುರಿಗೆ ನಿಂತಂತೆ ಕಾಣುತ್ತದೆ. ಸೀರೆ ಮೇಳ ಬಂದರೆ ನನ್ನ ದನಿ, ಮಗು ಕಳೆದರೆ ನನ್ನ ದನಿ, ನಾಳೆ ನೀರು ಬರುವುದಿಲ್ಲ ಎಂದು ಬೈಸಿಕೊಳ್ಳುವುದೂ ನನ್ನ ದನಿ. ಆದರೆ ನೀನು ಭಾನುವಾರ ಸಂಜೆಯಿಂದ ಫೋನ್ ಆಫ್ ಮಾಡಿ ಕೂತಿದ್ದೀಯ. ಬಾಗಿಲು ಬಡಿದರೆ ಪರಶುರಾಮಣ್ಣ ಅರ್ಧ ತೆರೆದು "ಅಕಿ ಮಲಗ್ಯಾಳ್ರಿ" ಎನ್ನುತ್ತಾರೆ. ಬೆಳಗಿನ ಐದಕ್ಕೆ ಎದ್ದು ಖಾನಾವಳಿಗೆ ಇನ್ನೂರು ರೊಟ್ಟಿ ತಟ್ಟುವ ಹೆಂಗಸು ಹಗಲು ಹನ್ನೊಂದಕ್ಕೆ ಮಲಗಿದ್ದಾಳಂತೆ! ಸುಳ್ಳು ಹೇಳಲು ನಿನ್ನ ಗಂಡನಿಗೆ ಇನ್ನೂ ಸ್ವಲ್ಪ ತರಬೇತಿ ಬೇಕು.

ನಗರಸಭೆ ಚುನಾವಣೆಗೆ ನೀನು ಹಾಕಿದ ನಾಮಪತ್ರ ವಾಪಸ್ ಪಡೆಯಲು ಇವತ್ತು ಮಧ್ಯಾಹ್ನ ಮೂರು ಗಂಟೆಯವರೆಗೆ ಸಮಯವಿದೆ. ನೀನು ಅರ್ಜಿ ತುಂಬಿ, ಸಹಿ ಹಾಕಿ, ಟಿ.ವಿ. ಮೇಲಿಟ್ಟಿದ್ದೀಯ ಎಂದು ಅದೇ ಅರ್ಧ ಬಾಗಿಲು ನನಗೆ ಹೇಳಿತು. ಅದನ್ನು ನೀನು ಕೊಡಬಾರದು. ಅದಕ್ಕೇ ಈ ಪತ್ರ.

ಶನಿವಾರ ಏನಾಯಿತೆಂದು ನಿನಗೆ ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ. ಸಿಟ್ಟು ಮಾಡುವುದಿದ್ದರೆ ಮೊದಲಿನಿಂದ ಮಾಡಬೇಕು. ಮೂಕಣ್ಣನ ಆಟೋ ಸೀರೆ ಮೇಳದ ಪ್ರಚಾರಕ್ಕೆ ನಿಮ್ಮ ವಾರ್ಡಿಗೆ ಬಂದಿತ್ತು. "ಇಳಕಲ್ ಸೀರೆ, ಅಂಚು ಬೇರೆ, ಮುಟ್ಟಿ ನೋಡು ಬಾರೆ ನೀರೆ" ಎಂದು ರೆಕಾರ್ಡಿನಲ್ಲಿ ನನ್ನ ದನಿ ಹೇಳಿ ಮುಗಿಸುತ್ತಿದ್ದಂತೆ, ಅದರ ಬಾಲಕ್ಕೆ ಅಂಟಿಕೊಂಡು ಒಂದು ಮುದುಕನ ಗೊಗ್ಗರು ದನಿ:

ಬಂದಾಳ ನೋಡ್ರಿ ರೇಣುಕಕ್ಕ,
ಜೀಪು ವಾಲೈತಿ ಒಂದ ಪಕ್ಕ;
ಗೆದ್ರ ಕುರ್ಚಿ ಒಂದ ಸಾಕ?
ಒಂದರಾಗೊಂದ ಇಡಬೇಕ!

ಮೂಕಣ್ಣ ಕಿವಿಗೆ ಹತ್ತಿ ತುರುಕಿಕೊಂಡೇ ಗಾಡಿ ಓಡಿಸುತ್ತಾನೆ. ತಲೆಯ ಮೇಲೆ ಎರಡು ಹಾರ್ನು ಕಟ್ಟಿಕೊಂಡು ಊರು ಸುತ್ತುವವನಿಗೆ ಬೇರೆ ದಾರಿಯಿಲ್ಲ. ಮೂರು ಗಂಟೆ ಹೊತ್ತು, ಹದಿನಾಲ್ಕು ಓಣಿ. ಕೊನೆಗೆ ಎರ್ರಮ್ಮಜ್ಜಿ ಆಟೋಕ್ಕೆ ಅಡ್ಡ ನಿಂತು, ಅವನ ಕಿವಿಯ ಹತ್ತಿ ಕಿತ್ತು ಬೀದಿಗೆಸೆದು, "ಏನ್ ಒದರಸಾಕತ್ತೀಯಲೇ ಮೂಕಾ? ಅಕಿ ಮನಿ ಅನ್ನ ಉಂಡಿಲ್ಲೇನ್ ನೀನು?" ಎಂದ ಮೇಲೆಯೇ ಅವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಶಾಲೆ ಬಿಟ್ಟ ಮಕ್ಕಳಿಗೆ ಬಾಯಿಪಾಠವಾಗಿತ್ತು. ಏಳರ ಮಗ್ಗಿ ಬಾರದವರಿಗೂ ಇದು ಬಂತು.

ನೀನು ಕೈಯೆಲ್ಲ ಹಿಟ್ಟಾಗಿ ಖಾನಾವಳಿಯ ಬಾಗಿಲಲ್ಲಿ ನಿಂತು ಕೇಳಿದೆಯಂತೆ. ಒಳಗೆ ಊಟಕ್ಕೆ ಕೂತವರು ನಕ್ಕರಂತೆ. ನಿನ್ನ ರೊಟ್ಟಿ ತಿಂದು ನಿನ್ನ ಹೊಟ್ಟಿ ಅಳೆದರು. ಎರಡನೆಯ ಸಲ ಸಾರು ಹಾಕಿಸಿಕೊಂಡು ನಕ್ಕರು. ಅವರ ಗಂಟಲಿಗೆ ಮೆಣಸಿನಕಾಯಿ ಅಡ್ಡ ಬೀಳಲಿ.

ಈ ಊರಿಗೆ ಕಣ್ಣಿಲ್ಲವೇ ರೇಣಿ? ನಿನ್ನೆದುರು ನಿಂತ ಜಂಬುನಾಥ್ ಅವರ ಫ್ಲೆಕ್ಸ್ ನೋಡು. ಅಂಗಿಯ ಮೂರನೆಯ ಗುಂಡಿ ಯಾವ ಕ್ಷಣಕ್ಕಾದರೂ ರಾಜೀನಾಮೆ ಕೊಡುವಂತಿದೆ. ಅದನ್ನು ನೋಡಿ ಜನ "ಯಜಮಾನ್ರ ಪರ್ಸನಾಲಿಟಿ ಹೆಂಗೈತಿ ನೋಡ್ರಿ" ಎನ್ನುತ್ತಾರೆ. ಗಂಡಿಗೆ ಹೊಟ್ಟೆ ಬಂದರೆ ಕಳೆ, ಹೆಣ್ಣಿಗೆ ಬಂದರೆ ರಗಳೆ. ಆ ಫ್ಲೆಕ್ಸ್ ಅಂಗಡಿಯ ಕಿರಣ್ ಕುಮಾರನಿಗೆ ನಿನ್ನ ಫೋಟೊ ಕೊಟ್ಟರೆ, ಸೊಂಟ ಅರ್ಧ ಕತ್ತರಿಸಿ, ಮುಖಕ್ಕೆ ಸುಣ್ಣ ಹೊಡೆದು, "ಅಕ್ಕಾರ, ನೀವು ಕೇಳದಿದ್ರೂ ತೆಳ್ಳಗ ಮಾಡಿಕೊಟ್ಟೀನ್ರಿ" ಎಂದು ಹಲ್ಲು ಕಿರಿದ. ಎರ್ರಮ್ಮಜ್ಜಿ ಅದರ ಕೆಳಗೆ ನಿಂತು, "ಈ ಹುಡುಗಿ ಯಾರ ಪೈಕಿ? ನಮ್ಮ ರೇಣಿ ಫೋಟೊ ಯಾವಾಗ ಹಾಕ್ತೀರಿ?" ಎಂದು ಕೇಳಿದಳು. ಇಡೀ ವಾರ್ಡಿನಲ್ಲಿ ನಿನ್ನನ್ನು ಇದ್ದ ಹಾಗೇ ಹುಡುಕಿದವಳು ಆ ಕಣ್ಣು ಮಂಜಾದ ಮುದುಕಿ ಒಬ್ಬಳೇ.

ಇನ್ನು ನಿನ್ನ ಯಜಮಾನರು. ಒಳ್ಳೆಯವರೇ, ಒಪ್ಪುತ್ತೇನೆ. ಆದರೆ ಅವತ್ತು ಸಂಜೆ, ನೀನು ಗೋಡೆಗೆ ಮುಖ ಮಾಡಿ ಕೂತಾಗ, "ನಾಕು ತಿಂಗಳ ಮೊದಲ ಹೇಳಿದ್ರ ವಾಕಿಂಗ್ ಮಾಡಿ ಕರಗಿಸಬಹುದಿತ್ತು" ಎಂದರಂತಲ್ಲ! ನಾಮಪತ್ರದ ಜೊತೆ ತೂಕದ ಚೀಟಿ ಲಗತ್ತಿಸಬೇಕೆಂದು ಯಾವ ನಿಯಮದಲ್ಲಿ ಬರೆದಿದೆ? ವಾರ್ಡಿನ ಚರಂಡಿ ತೆಗೆಸಲು ಸೊಂಟ ಎಷ್ಟು ಇಂಚಿರಬೇಕು?

ನಾನು ಮರೆತಿಲ್ಲ, ಅವರು ಮರೆತಿದ್ದಾರೆ. ಕಮಲಾಪುರದ ಕಡೆಯಿಂದ ಬಾಳೆಹಣ್ಣು ಹೊತ್ತು ಬರುವ ಹೆಂಗಸರು ಇಡೀ ದಿನ ನೀರು ಕುಡಿಯದೆ ಕೂತು ವ್ಯಾಪಾರ ಮಾಡುತ್ತಿದ್ದರು. ಕುಡಿದರೆ ಹೋಗುವುದೆಲ್ಲಿಗೆ? ಅವರಿಗೆಂದು ಕಟ್ಟಿದ ಶೌಚಾಲಯಕ್ಕೆ ಮೂರು ವರ್ಷ ಬೀಗವಿತ್ತು. ಆ ಬಾಗಿಲಿಗೆ ಅಡ್ಡಲಾಗಿ ಎರಡು ದಿನ ಕೂತದ್ದು ಇದೇ ದೇಹ. ಎಬ್ಬಿಸಲು ಬಂದ ನಾಲ್ವರು ನಿನ್ನನ್ನು ಎತ್ತಲಾರದೆ ಹಿಂದೆ ಹೋದರು. ನೀನು, "ಎತ್ತಾಕ ಬಂದ್ರಲ್ಲ, ಉಂಡು ಬಂದೀರೇನ್ರಪ್ಪಾ?" ಎಂದು ಕೇಳಿದೆ. ಅವರೂ ನಕ್ಕರು. ಮೂರನೆಯ ದಿನ ಬೀಗ ತೆಗೆದರು. ಅವತ್ತು ನಿನ್ನ ತೂಕದ ಮೇಲೆ ಯಾರೂ ಪ್ರಾಸ ಕಟ್ಟಲಿಲ್ಲ.

ಭಾನುವಾರ ನಾನೇ ಬಂದು, ಜಂಬುನಾಥ್ ಕಡೆಯವರೇ ಇದನ್ನು ಪೆನ್‌ಡ್ರೈವಿಗೆ ತುರುಕಿಸಿದ್ದಾರೆಂದು, ಎರಡು ಪುಟ ದೂರು ಬರೆದುಕೊಟ್ಟೆ. ಒಳ್ಳೆಯ ಕನ್ನಡದಲ್ಲಿ ಬರೆದಿದ್ದೆ, "ಸ್ತ್ರೀಕುಲಕ್ಕೆ ಎಸಗಿದ ಅಪಚಾರ" ಎಂದೆಲ್ಲ. ನೀನು ಓದಿ, ನಾಲ್ಕು ಚೂರು ಮಾಡಿ, ಒಲೆಗೆ ಹಾಕಿದೆ. "ಬ್ಯಾಡ ಸುಧಿ. ಪೇಪರ್‌ನಾಗ ಬಂದ್ರ, ಕೇಳಲಾರದವರೂ ಓದ್ತಾರ. ಅಲ್ಲದ, ಆ ಮನುಷ್ಯಾನ ಮಾಡ್ಯಾನಂತ ನೀ ಕಂಡೀ ಏನು?" ಎಂದೆ. ನಾನು ಬಾಯಿ ಮುಚ್ಚಿದೆ. ನಾನು ಬಾಯಿ ಮುಚ್ಚುವುದು ಅಪರೂಪವೆಂದು ನಿನಗೆ ಹೊಳೆಯಲಿಲ್ಲ.

ಹಾಗಾದರೆ ಆ ಮುದುಕ ಯಾರು? ಅವನನ್ನು ಹಿಡಿದು ತರಬೇಕು, ಮೂರಂಗಡಿ ಸರ್ಕಲ್ಲಿನಲ್ಲಿ ನಿಲ್ಲಿಸಬೇಕು, ಅವನ ಪ್ರಾಸವನ್ನು ಅವನ ಬಾಯಲ್ಲೇ ನೂರು ಸಲ ಹೇಳಿಸಬೇಕು. ಅಷ್ಟು ಸಿಟ್ಟಿದೆ ನನಗೆ ಅವನ ಮೇಲೆ. ಆದರೆ ನಾಲ್ಕು ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಒಂದರೊಳಗೊಂದು ಕುರ್ಚಿ ಇಡುವ ಸಂಗತಿ ಅವನಿಗೆ ಹೇಗೆ ಗೊತ್ತು? ತೆಳ್ಳಗಿನವರಿಗೆ ಇದು ಹೊಳೆಯುವುದಿಲ್ಲ. ಮದುವೆಯ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಕಂಡೊಡನೆ ಕೂರುವ ಮೊದಲು ಅದರ ಕಾಲು ನೋಡುವವರಿಗೆ, ಬಿರುಕು ಹುಡುಕುವವರಿಗೆ, "ನಿಂತೇ ಇರ್ತೀನ್ರಿ, ಕುಂತು ಕುಂತು ಬ್ಯಾಸರಾಗೈತಿ" ಎಂದು ನಗುತ್ತಾ ಗೋಡೆಗೆ ಒರಗುವವರಿಗೆ ಮಾತ್ರ ಹೊಳೆಯುತ್ತದೆ.

ಕಂಪ್ಲಿಯ ಆ ಕಾರ್ಯಕ್ರಮ ನೆನಪಿದೆಯಾ? ನಮಗಿಬ್ಬರಿಗೂ ಇಪ್ಪತ್ಮೂರು. ಕನ್ನಡ ಬಿ.ಎ. ಮುಗಿಸಿ, ನಾನು ಮೊದಲ ಸಲ ಜರಿಯಂಚಿನ ಸೀರೆ ಉಟ್ಟು, ನಿರೂಪಕಿಯಾಗಿ ವೇದಿಕೆ ಹತ್ತಿದ್ದೆ. ಸ್ವಾಗತಕ್ಕೆ ಹದಿನಾರು ಸಾಲಿನ ಪ್ರಾಸ ಕಟ್ಟಿದ್ದೆ. ಎಂಟನೆಯ ಸಾಲಿಗೆ ಚಪ್ಪಾಳೆ ಬಿತ್ತು. ಮುಗಿಸಿ ಕುರ್ಚಿಯಲ್ಲಿ ಕೂತೆ, ಕುರ್ಚಿ ಲಟಕ್ಕೆಂದಿತು. ಐನೂರು ಜನರ ಮುಂದೆ ನನ್ನ ಕಾಲು ಮೇಲೆ, ತಲೆ ಕೆಳಗೆ. ಮುಖ್ಯ ಅತಿಥಿಗಳು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು, ಉಳಿದವರು ಮುಚ್ಚಿಕೊಳ್ಳಲಿಲ್ಲ. ಸಂಘಟಕನೊಬ್ಬ ನನಗೆ ಕೇಳುವಂತೆಯೇ, "ದನಿ ಮಸ್ತೈತಿ, ಇನ್ನೊಮ್ಮೆ ಪರದೆ ಹಿಂದ ನಿಲ್ಲಿಸ್ರಿ" ಎಂದ.

ನೀನೊಬ್ಬಳೇ ನಗಲಿಲ್ಲ. ಪ್ರೇಕ್ಷಕರ ನಡುವಿನಿಂದ ಎದ್ದು, ಸೀದಾ ಮೇಲೆ ಬಂದು, ಎರಡು ಕುರ್ಚಿ ಎಳೆದು ಒಂದರೊಳಗೊಂದು ಇಟ್ಟೆ. ಕೈಯಿಂದ ಒತ್ತಿ ನೋಡಿದೆ. "ಕುಂದ್ರಲೇ ಸುಧಿ. ಕುರ್ಚಿ ಸಣ್ಣದೈತಿ, ನೀ ದೊಡ್ಡಕಿ ಅಲ್ಲ" ಎಂದೆ.

ನಾನು ಕೂರಲಿಲ್ಲ. ಮೆಟ್ಟಿಲಿಳಿದು, ಜನರ ನಡುವೆ ಹಾದು, ಬಸ್ಸು ಹತ್ತಿದೆ. ಅದಾದ ಮೇಲೆ ಯಾವ ವೇದಿಕೆಯನ್ನೂ ಹತ್ತಿಲ್ಲ. ಆ ಸಂಘಟಕ ಹೇಳಿದಂತೆಯೇ ಪರದೆಯ ಹಿಂದೆ ನಿಂತೆ, ಅಷ್ಟೇ. ಸಂಡೂರಿನಿಂದ ಪಾಪಿನಾಯಕನಹಳ್ಳಿಯವರೆಗೆ ನನ್ನ ದನಿ ಗೊತ್ತಿಲ್ಲದ ಓಣಿ ಇಲ್ಲ, ನನ್ನ ಮುಖ ಗೊತ್ತಿರುವ ಓಣಿಯೂ ಇಲ್ಲ. ತರಕಾರಿಯವನು ನನ್ನೆದುರೇ, "ಆ ಮೈಕಿನ ಹುಡುಗಿ ಭಾಳ ಚೆಂದ ಇರಬೇಕ್ರಿ" ಎಂದಾಗ ನಾನು ಬದನೆಕಾಯಿ ಆರಿಸುತ್ತಾ "ಇರಬಹುದಪ್ಪ" ಎಂದಿದ್ದೇನೆ. ರೆಕಾರ್ಡಿಂಗ್ ಕೋಣೆಯಲ್ಲಿ ನಾನು ಏತರ ಮೇಲೆ ಕೂರುತ್ತೇನೆ ಎಂದು ನೀನು ಯಾವತ್ತೂ ನೋಡಿಲ್ಲ. ಒಳಗೆ ಬಿಟ್ಟರಲ್ಲವೇ ನೋಡುವುದು. ಎರಡು ಕುರ್ಚಿ, ಒಂದರೊಳಗೊಂದು.

ಶುಕ್ರವಾರ ನೀನು ನಾಮಪತ್ರ ಸಲ್ಲಿಸಲು ಹೋದಾಗ ನಿನ್ನ ಜೀಪು ನನ್ನ ಕೋಣೆಯ ಕೆಳಗೇ ಹಾದುಹೋಯಿತು. ನೀನು ಮೇಲೆ ನಿಂತಿದ್ದೆ. ಕುಂಕುಮ ಬೆವರಿಗೆ ಇಳಿದಿತ್ತು. ಎರಡೂ ಕೈ ಎತ್ತಿದಾಗ ರವಿಕೆ, ಸೀರೆಯ ನಡುವಿನ ಹೊಟ್ಟೆ ಪೂರ್ತಿ ಕಾಣುತ್ತಿತ್ತು. ಸೆರಗು ಎಳೆದುಕೊಳ್ಳಲೂ ಇಲ್ಲ ನೀನು. ನಗುತ್ತಿದ್ದೆ. ನನ್ನ ಕಿಟಕಿ ನೋಡಿ, "ಸುಧೀ, ಬಾರಲೇ ಮ್ಯಾಲ! ಇಲ್ಲಿ ಜಾಗ ಐತಿ!" ಎಂದು ಕೂಗಿದೆ. ಬೀದಿಯವರೆಲ್ಲ ತಲೆಯೆತ್ತಿ ನನ್ನ ಕಿಟಕಿ ನೋಡಿದರು. ನಾನು ಪರದೆ ಎಳೆದು ನೆಲಕ್ಕೆ ಕುಕ್ಕರಿಸಿದೆ. ನಲವತ್ತೈದರ ಹೆಂಗಸು, ಕಳ್ಳಿಯ ಹಾಗೆ.

ನನಗಿದ್ದಷ್ಟೇ ಮೈ ನಿನಗೂ ಇತ್ತು. ನಾನು ಅದನ್ನು ಇಪ್ಪತ್ತೆರಡು ವರ್ಷ ಬಚ್ಚಿಟ್ಟೆ, ನೀನು ಜೀಪಿನ ಮೇಲೆ ನಿಲ್ಲಿಸಿದೆ. ಅದನ್ನು ನೋಡಿ ಖುಷಿಪಡಬೇಕಿತ್ತು. ನನಗೆ ಮೈ ಉರಿಯಿತು.

ಅವತ್ತು ಮಧ್ಯಾಹ್ನವೇ ಸೀರೆ ಮೇಳದ ರೆಕಾರ್ಡಿಂಗ್ ಇತ್ತು. ಕೆಲಸ ಮುಗಿದ ಮೇಲೆ ಮೈಕಿನ ಮುಂದೆ ಏನಾದರೂ ಬಡಬಡಿಸಿ, ನಕ್ಕು, ಅದನ್ನು ಅಳಿಸುವುದು ನನ್ನ ರೂಢಿ. ಕೆಮ್ಮಿನ ಔಷಧಿಯ ಜಾಹೀರಾತಿಗೆ ಮುದುಕನ ದನಿ ಬೇಕಾದಾಗ ಅದನ್ನು ಮಾಡುವುದೂ ನಾನೇ.

ಮುದುಕ ಯಾರೂ ಇಲ್ಲ, ರೇಣಿ. ಆ ದನಿ ನನ್ನದು. ಆ ಪ್ರಾಸ ನನ್ನದು. ನನ್ನ ಮಾನ ಮುಚ್ಚಲು ನೀನು ಇಟ್ಟ ಕುರ್ಚಿಯನ್ನೇ ತಂದು ನಿನ್ನ ಮೇಲೆ ಎಸೆದೆ. ಪೆನ್‌ಡ್ರೈವ್ ಮೂಕಣ್ಣನಿಗೆ ಕೊಡುವ ಮೊದಲು ಅದನ್ನು ಅಳಿಸುವುದು ಮರೆತೆನೋ, ಬೇಕೆಂದೇ ಬಿಟ್ಟೆನೋ, ನಾಲ್ಕು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ.

ಸುಧಾರಾಣಿ

ತಾ.ಕ.: ಈ ಸಾಲುಗಳು ಸೊಟ್ಟಗಿದ್ದರೆ ಅದಕ್ಕೆ ಕಾರಣ, ಇವನ್ನು ಮೂಕಣ್ಣನ ಆಟೋದಲ್ಲಿ ಕೂತು ಬರೆಯುತ್ತಿದ್ದೇನೆ. ಪತ್ರ ತಂದುಕೊಟ್ಟ ಅವನನ್ನು ಬೈಯಬೇಡ, ಅವನಿಗೆ ಏನೂ ಗೊತ್ತಿಲ್ಲ. ಇವತ್ತು ಕಿವಿಗೆ ಹತ್ತಿ ಹಾಕಿಕೊಳ್ಳಬೇಡ ಎಂದಷ್ಟೇ ಹೇಳಿದ್ದೇನೆ. ಆಟೋ ನಿನ್ನ ಬಾಗಿಲ ಮುಂದಿದೆ, ಪಕ್ಕದ ಪರದೆ ಇಳಿಬಿಟ್ಟಿದೆ, ನಾನು ಒಳಗಿದ್ದೇನೆ. ನಲ್ಲಿಗೆ ನೀರು ಬರುವ ಹೊತ್ತು, ಓಣಿಯೆಲ್ಲ ಹೊರಗೇ ಇದೆ. ನೀನು ಬಾಗಿಲು ತೆರೆದರೂ, ತೆರೆಯದಿದ್ದರೂ, ನಾನೀಗ ಇಳಿಯುತ್ತೇನೆ. ಈ ಪತ್ರದ ಕೊನೆಯ ಮಾತನ್ನು ನನ್ನ ದನಿಯಲ್ಲಿ, ನನ್ನ ಮುಖ ತೋರಿಸಿ, ಅವರಿಗೆಲ್ಲ ಹೇಳುತ್ತೇನೆ. ಅದನ್ನು ಕೇಳಿದ ಮೇಲೂ ಆ ಅರ್ಜಿ ಕೊಡಲೇಬೇಕು ಅನ್ನಿಸಿದರೆ ಕೊಡು, ನಾನು ಅಡ್ಡ ಬರುವುದಿಲ್ಲ. ಆದರೆ ನಾನು ಮಾತಾಡುವಾಗ ಒಮ್ಮೆ ಹೊರಗೆ ನೋಡು. ಕೂರುವುದಿಲ್ಲ, ನಿಂತೇ ಮಾತಾಡುತ್ತೇನೆ. ಪ್ರಾಸ ಇರುವುದಿಲ್ಲ. ಮೈಕ್ ಆನ್ ಮಾಡಿದ್ದೇನೆ.