ಉಪ್ಪು ಬಿಡಿಸಿದ ಮೇಲೆ

ಮೆಟ್ರಿ, ೧೯೮೬

ತಮ್ಮ ಜಡೆಪ್ಪನಿಗೆ ಅಕ್ಕ ಪಂಪಮ್ಮನ ಆಶೀರ್ವಾದ.

ಡಾಕ್ಟರು ಹೇಳಿದಂತೆ ನಮ್ಮ ಅತ್ತೆಗೆ ಉಪ್ಪು, ಉಪ್ಪಿನಕಾಯಿ, ಹಪ್ಪಳ ಎಲ್ಲ ಬಿಡಿಸಿದ್ದೆ. ಆದರೂ ಬಿ.ಪಿ. ಇಳಿಯಲಿಲ್ಲ, ಕಾಲಿನ ಬಾವೂ ಹೋಗಲಿಲ್ಲ. ಒಂದು ದಿನ ಒಲೆಯ ಮೇಲಿಟ್ಟ ಬಾವಿ ನೀರು ಪೂರ್ತಿ ಬತ್ತಿ, ಪಾತ್ರೆಯ ತಳದಲ್ಲಿ ಬಿಳಿ ಉಪ್ಪು ಉಳಿಯಿತು. ಕಾಲುವೆ ಬಂದಾಗಿನಿಂದ ಗದ್ದೆಯಲ್ಲಿ ನೀರು ನಿಂತು ನಿಂತು ಬಾವಿಯೇ ಉಪ್ಪಾಗಿದೆ. ಕುಡಿದು ರೂಢಿಯಾದ ನಮಗೆ ಗೊತ್ತೇ ಆಗಿರಲಿಲ್ಲ. ಈಗ ಕಂಪ್ಲಿಯಿಂದ ಹೊಳೆ ನೀರು ತರಿಸುತ್ತೇವೆ. ಬಾವು ಇಳಿದಿದೆ.

ಆದರೆ ನಿನ್ನೆ ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ನಿಂತು, ಗೋಡೆಯ ಮೇಲೆ ಮೂಡಿದ ಬಿಳಿ ಉಪ್ಪನ್ನು ನೆಕ್ಕುತ್ತಿದ್ದರು. ಕರೆದೆ. ತಿರುಗಿ ನಕ್ಕರು.

"ನೀನೂ ನೆಕ್ಕಿ ನೋಡವಾ, ಭಾಳ ರುಚಿ ಐತಿ," ಅಂದರು.

ಆ ಉಪ್ಪು ಮುಚ್ಚಿಹೋಗುವಂತೆ ಗೋಡೆಗೆ ಗಿಲಾವು ಮಾಡುವವರನ್ನು ಹೊಸಪೇಟೆಯಿಂದ ಜಲ್ದಿ ಕಳಿಸು. ನನ್ನ ಬಾಯಲ್ಲೂ ನೀರೂರಿತು.

ನಿನ್ನ ಅಕ್ಕ,
ಪಂಪಮ್ಮ