ಕೌದಿಯ ಹಿಂಬದಿ

ಮಾರ್ಚ್ ೧೪, ಗುರುವಾರ

ನನ್ನ ಕೌದಿಯ ಆ ಒಂದು ಮೂಲೆ ಇನ್ನೂ ಕಣ್ಣಿಗೆ ಚುಚ್ಚುತ್ತಿದೆ. ಅಲ್ಲಿ ಹೊಲಿಗೆ ಯಂತ್ರದ, ಬಟ್ಟೆ ಒತ್ತಿಹಿಡಿಯುವ ಪಾದ ಇಳಿಸಲು ಮರೆತೆ, ಅಡಿಯಲ್ಲಿ ದಾರ ಸಿಕ್ಕಾಗಿ ಗೂಡು ಕಟ್ಟಿತು. ಉಳಿದದ್ದೆಲ್ಲ, ಬಟ್ಟೆ ತಳ್ಳುವ ಯಂತ್ರದ ಹಲ್ಲನ್ನು ಕೆಳಗಿಳಿಸಿ, ನನ್ನ ಕೈಯಿಂದಲೇ ಬಟ್ಟೆ ಓಡಿಸಿ ದಾರದಲ್ಲಿ ಬಿಡಿಸಿದ ಬಳ್ಳಿ.

ದರ್ಜಿ ಚಿಕ್ಕಮ್ಮ ಸವರಿ ನೋಡಿ, "ಶಾಲೆ ಅರ್ಧಕ್ಕೇ ಬಿಟ್ಟೋಳು ಇದನ್ನ ಪೂರ್ತಿ ಮುಗಿಸಿಬಿಟ್ಯಲ್ಲೇ! ನನ್ನ ಅಂಗಡೀಲಿ ನೇತು ಹಾಕೋಣ" ಅಂದಳು.

ಸುಮ್ಮನಿರಬಹುದಿತ್ತು. ನಾನೇ ಮಗುಚಿ ಆ ಮೂಲೆ ತೋರಿಸಿದೆ.

"ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ನಕ್ಕಳು. ಆಮೇಲೆ ಕನ್ನಡಕ ಏರಿಸಿ, ಬಳ್ಳಿಯ ಉದ್ದಕ್ಕೂ ಬೆರಳಾಡಿಸಿದಳು. "ನೇತು ಹಾಕೋದಂತೂ ಹಾಕ್ತೀನಿ. ಆದ್ರೆ ಇದು ನಂಗೆ ಬರಲ್ಲ ಕಣೇ. ಕಲಿಸ್ತೀಯಾ?"

ಇಪ್ಪತ್ತು ವರ್ಷದಿಂದ ಹೊಲಿಯುತ್ತಿರುವವಳು ನನ್ನನ್ನು ಕೇಳಿದಳು! ನಾಳೆ ಆ ಕೆಟ್ಟ ಮೂಲೆಯಿಂದಲೇ ಪಾಠ ಶುರುಮಾಡುತ್ತೇನೆ, ಆಮೇಲೆ ಹಲ್ಲು ಇಳಿಸುವುದು, ಆಮೇಲೆ…