ಅಮ್ಮ ಸಮಿತಿಯ ಮುಂದೆ ಹೇಳಿದ್ದು

ಫೆಬ್ರವರಿ 3, ಸೋಮವಾರ

ಇವತ್ತು ಆರು ಪತ್ರ. ಒಟ್ಟು ಇಪ್ಪತ್ತೆಂಟಾಯಿತು. ನಿವೃತ್ತ ಮೇಷ್ಟ್ರು, ಲಾರಿ ಡ್ರೈವರ್, ಇಬ್ಬರು ಗೃಹಿಣಿಯರು, ಕಾಲೇಜು ಹುಡುಗಿ, ಎಪ್ಪತ್ತು ದಾಟಿದ ಒಬ್ಬ ಮುದುಕಿ. ಎಲ್ಲರೂ ನಾನೇ. ಎಲ್ಲರ ಕಣ್ಣೂ ಬೀದಿ ಬದಿಯಲ್ಲಿ ಕೊಂಡ ಕನ್ನಡಕದಿಂದ ಕೆಟ್ಟಿದೆ. ಡ್ರೈವರ್‌ಗೆ ಒಂದೆರಡು ಕಾಗುಣಿತದ ತಪ್ಪು, ಕಾಲೇಜು ಹುಡುಗಿಗೆ ಹಸಿರು ಇಂಕು.

ಕನ್ನಡಕದ ಅಂಗಡಿಗಳ ಸಂಘದಲ್ಲಿ ಕಾರ್ಯದರ್ಶಿ ಎಂದರೆ ಇಷ್ಟೇ ಕೆಲಸ. ಓದುವ ಕನ್ನಡಕವನ್ನು ನೋಂದಾಯಿತ ಅಂಗಡಿಯಲ್ಲಿ ಮಾತ್ರ ಮಾರಬೇಕು ಎಂಬ ಮಸೂದೆ ಬಂದಿದೆ. ಅದನ್ನು ಪರಿಶೀಲಿಸುವ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಿದೆ. ಸಾರ್ವಜನಿಕರು ಬರೆಯುವುದಿಲ್ಲ... ಆದ್ದರಿಂದ ನಾನು. ಕಟ್ಟು ಕಟ್ಟಿ ‘ಸಂಘಕ್ಕೆ ಬಂದ ಪತ್ರಗಳು’ ಎಂದು ಕಳಿಸುವುದು.

ಅಧ್ಯಕ್ಷರು — ದಿನಕ್ಕೊಂದು ಫ್ರೇಮ್ ಹಾಕಿಕೊಂಡು ಬರುವುದರಿಂದ ಆಫೀಸಿನಲ್ಲಿ ಎಲ್ಲರಿಗೂ ‘ಫ್ರೇಮ್ ಸಾರ್’ — ಮುದುಕಿಯ ಪತ್ರ ಎರಡು ಸಲ ಓದಿದರು. “ನೋಡಮ್ಮ, ನನಗೇ ಕಣ್ಣಲ್ಲಿ ನೀರು ಬಂತು” ಎಂದರು. ಬಂದದ್ದು ನಿಜ. ಅವರಿಗೆ ನಾಲ್ಕು ದಿನದಿಂದ ನೆಗಡಿ.

ಫೆಬ್ರವರಿ 5, ಬುಧವಾರ

ಬಸ್ ನಿಲ್ದಾಣದ ಕನ್ನಡಕದವನು ಅಡ್ಡ ನಿಂತ. ರಟ್ಟಿನ ಹಲಗೆಗೆ ನಲವತ್ತು ಕನ್ನಡಕ ನೇತುಹಾಕಿಕೊಂಡು ಕೂರುವವನು. ಪರೀಕ್ಷೆಗೆ ಒಂದು ತುಂಡು ಪೇಪರ್, ಒಂದು ಸೂಜಿ, ಒಂದು ದಾರ. ಅಮ್ಮ ಅವನ ಹತ್ತಿರವೇ ಕೊಳ್ಳುವುದು.

“ಅಕ್ಕಾ, ನಮ್ಮ ವ್ಯಾಪಾರ ನಿಲ್ಲಿಸೋಕೆ ಕಾನೂನು ಬರ್ತಿದೆಯಂತೆ. ನೀವು ಆಫೀಸಿನವರು, ನಿಮಗೆ ಬರೆಯೋಕೆ ಬರುತ್ತೆ. ಒಂದು ಅರ್ಜಿ ಬರೆದುಕೊಡಿ.”

ಯಾವ ಆಫೀಸು ಎಂದು ಅವನು ಕೇಳಲಿಲ್ಲ. ಹೂಂ ಎಂದೆ. ಯಾಕೆ ಎಂದೆನೋ.

ಮನೆಗೆ ಬಂದು ಕುಳಿತೆ. ಎದ್ದೆ. ಕಿಟಕಿ ತೆಗೆದೆ, ಹಾಕಿದೆ. ಮುದುಕಿಯ ಪತ್ರಕ್ಕೆ ಇಪ್ಪತ್ತು ನಿಮಿಷವೂ ಹಿಡಿದಿರಲಿಲ್ಲ. ಇದಕ್ಕೆ ಎರಡು ಗಂಟೆ, ಅರ್ಧ ಪುಟ. ‘ನಾನು ಹತ್ತೊಂಬತ್ತು ವರ್ಷದಿಂದ ಇಲ್ಲಿ ಕೂರುತ್ತಿದ್ದೇನೆ. ಯಾರೂ ವಾಪಸು ತಂದು ಜಗಳವಾಡಿಲ್ಲ.’ ಆಮೇಲೆ ಏನು ಬರೆಯಬೇಕೋ ತೋಚಲಿಲ್ಲ.

ಫೆಬ್ರವರಿ 6

ಕೊಟ್ಟೆ. ಓದಿ ಹೇಳಿ ಎಂದ. ಓದಿದೆ.

“ಅಷ್ಟೇನಾ ಅಕ್ಕಾ?”

“ಅಷ್ಟು ಸಾಕು.”

ತಾನೇ ಹೋಗಿ ಸಮಿತಿ ಕಚೇರಿಗೆ ಕೊಟ್ಟುಬರುತ್ತಾನಂತೆ.

ಫೆಬ್ರವರಿ 11, ಮಂಗಳವಾರ

ಸಮಿತಿಯ ಮುಖ್ಯಸ್ಥೆಯ ಮನಸ್ಸಿಗೆ ಮುದುಕಿಯ ಪತ್ರ ತಟ್ಟಿದೆಯಂತೆ. ಆಕೆಯನ್ನು ಕರೆತನ್ನಿ, ಹದಿನೆಂಟಕ್ಕೆ ವಿಚಾರಣೆ ಎಂದು ಫೋನು.

ಫ್ರೇಮ್ ಸಾರ್ ಮೊದಲು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮ ತಾಯಿ ಇದ್ದಾರಲ್ಲ. ಕಣ್ಣಿನ ಆಪರೇಷನ್ ಆಯ್ತು ಅಂತ ರಜೆ ತಗೊಂಡಿದ್ರಿ.”

“ಅದು ವಯಸ್ಸಿಗೆ ಬಂದ ಪೊರೆ ಸಾರ್.”

“ಯಾತಕ್ಕೆ ಬಂತು ಅಂತ ಪೊರೆ ಮೇಲೆ ಬರೆದಿರುತ್ತಾ?”

ಆಗುವುದಿಲ್ಲ ಎನ್ನಬೇಕಿತ್ತು. “ಕೇಳಿ ನೋಡ್ತೀನಿ” ಎಂದೆ.

ಫೆಬ್ರವರಿ 12

ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಇದ್ದಳು. ಮುದುಕಿಯ ಪತ್ರ ಓದಿ ಹೇಳಿದೆ. ಮಿಷನ್ ನಿಂತಿತು.

“ಅಯ್ಯೋ ಪಾಪ. ಯಾರೇ ಅದು?”

“ಯಾರೋ ಒಬ್ರು. ಸಂಘಕ್ಕೆ ಬರೆದಿದ್ದಾರೆ.”

“ಮಕ್ಕಳಿಲ್ವಾ?”

“ಒಬ್ಬ ಮಗಳಿದ್ದಾಳೆ.”

“ಇದ್ದೇನು ಬಂತು! ತಾಯಿ ಕಣ್ಣು ಹೋಗೋವರೆಗೂ ಏನು ಮಾಡ್ತಿದ್ಲಂತೆ?”

ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಗಲೇ ಹೇಳಿಬಿಡಬಹುದಿತ್ತು. ಬದಲಿಗೆ — ಆಕೆಗೆ ಹುಷಾರಿಲ್ಲ, ಸಮಿತಿಗೆ ಬರಲಾಗುವುದಿಲ್ಲ, ನೀನು ಆಕೆಯ ಪರವಾಗಿ ಓದುತ್ತೀಯಾ ಎಂದೆ.

“ಓದ್ತೀನಿ. ಅದಕ್ಕೇನಂತೆ.”

ಫ್ರೇಮ್ ಸಾರ್‌ಗೆ ‘ಒಪ್ಪಿದರು’ ಎಂದಷ್ಟೇ ಹೇಳಿದ್ದೇನೆ. ಅವರಿಗೊಂದು ಸುಳ್ಳು, ಇವಳಿಗೊಂದು.

ಫೆಬ್ರವರಿ 17, ಸೋಮವಾರ

ಅಮ್ಮನಿಗೆ ಫ್ರೇಮ್ ಸಾರ್ ಅಂಗಡಿಯಿಂದ ಹೊಸ ಕನ್ನಡಕ ಬಂತು. ಚಿನ್ನದ ಬಣ್ಣದ ಫ್ರೇಮು. ಪವರ್ ಯಾರೂ ಕೇಳಲಿಲ್ಲ.

ಮಧ್ಯಾಹ್ನ ಕ್ಯಾಬಿನ್ನಿಗೆ ಕರೆದರು. “ಸಮಿತಿ ವರದಿಗೆ ಒಂದು ಪ್ಯಾರಾ ಬರೆದುಕೊಡಿ. ವಿಚಾರಣೆಯಲ್ಲಿ ತಾಯಿ ಏನು ಹೇಳಿದ್ರು ಅಂತ. ಅವರಿಗೂ ಕೆಲಸ ಹಗುರ ಆಗುತ್ತೆ.”

“ಸಾರ್, ವಿಚಾರಣೆ ನಾಳೆ.”

“ಅದಕ್ಕೇ ಇವತ್ತು ಬರೀರಿ ಅಂದಿದ್ದು.”

ಬರೆದೆ. ಚೆನ್ನಾಗಿಯೇ ಬಂತು. ಅದೇ ಸಂಕಟ.

ಫೆಬ್ರವರಿ 18, ಸಂಜೆ 4

ಮರೆಯುವ ಮೊದಲು ಬರೆದಿಡಬೇಕು.

ಉದ್ದನೆಯ ಮೇಜು, ಏಳು ಜನ ಸದಸ್ಯರು, ಎಲ್ಲರ ಮುಂದೂ ನೀರಿನ ಬಾಟಲಿ. ಅಮ್ಮನಿಗೆ ಮೈಕು. ನಾನೂ ಫ್ರೇಮ್ ಸಾರೂ ಹಿಂದಿನ ಸಾಲಿನಲ್ಲಿ. ಅಮ್ಮ ಪತ್ರ ಕೈಗೆತ್ತಿಕೊಂಡಳು. ದೂರ ಹಿಡಿದಳು, ಹತ್ತಿರ ಹಿಡಿದಳು. ಚಿನ್ನದ ಬಣ್ಣದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಚೀಲದಿಂದ ಹಳೆಯದನ್ನು ತೆಗೆದು ಹಾಕಿಕೊಂಡಳು.

ಪತ್ರವನ್ನು ಒಂದಕ್ಷರ ಬಿಡದೆ ಓದಿದಳು. ಮುಖ್ಯಸ್ಥೆ ಮೆಲ್ಲಗೆ, “ತುಂಬ ಕಷ್ಟಪಟ್ಟಿದ್ದೀರಿ ತಾಯಿ” ಎಂದರು.

“ನಾನಲ್ಲಮ್ಮ. ಆಕೆಗೆ ಹುಷಾರಿಲ್ಲವಂತೆ. ಅದಕ್ಕೇ ನಾನು ಓದ್ದೆ.”

ಒಬ್ಬ ಸದಸ್ಯರು ಮುಂದೆ ಬಾಗಿ ಕೇಳಿದರು: “ನೀವು ಈಗ ಹಾಕ್ಕೊಂಡಿರೋ ಕನ್ನಡಕ ಎಲ್ಲಿಯದು?”

“ಇದಾ? ಬಸ್ ನಿಲ್ದಾಣದ್ದು. ಆಪರೇಷನ್ ಆದಮೇಲೆ ತಗೊಂಡಿದ್ದು. ಅವನು ಸೂಜಿಗೆ ದಾರ ಪೋಣಿಸೋಕೆ ಬರೋವರೆಗೂ ಕಳಿಸಲ್ಲ. ಆ ಇನ್ನೊಂದು ಇವರು ಕೊಟ್ಟಿದ್ದು. ಹಾಕ್ಕೊಂಡ್ರೆ ತಲೆ ಗಿರ್ ಅನ್ನುತ್ತೆ.”

ಇಡೀ ಮೇಜು ನಕ್ಕಿತು. ಟೈಪಿಸ್ಟ್ ಕೂಡ. ಫ್ರೇಮ್ ಸಾರ್ ಮಾತ್ರ ಫೋನು ನೋಡುತ್ತಿದ್ದರು.

ಮೆಟ್ಟಿಲಿಳಿಯುವಾಗ ಅಮ್ಮ ಕೇಳಿದಳು, “ನಾನೇನಾದ್ರೂ ತಪ್ಪು ಮಾತಾಡಿದ್ನಾ?”

“ಇಲ್ಲಮ್ಮ.”

ಹೆದರಿಕೆ. ಜೊತೆಗೆ, ಯಾರಿಗೂ ಹೇಳುವಂತಿಲ್ಲ — ಸಂತೋಷ.

ಫೆಬ್ರವರಿ 19

ಕೆಲಸ ಹೋಯಿತೆಂದುಕೊಂಡೇ ಹೋದೆ. ಫ್ರೇಮ್ ಸಾರ್ ಕಾಫಿ ತರಿಸಿದರು!

“ಅಮ್ಮ ಚೆನ್ನಾಗಿ ಮಾತಾಡಿದ್ರು. ನಗಿಸಿದವರ ಮೇಲೆ ಯಾರಿಗೂ ಸಿಟ್ಟಿರಲ್ಲ.”

ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮಾರ್ಚ್ 6, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಎರಡು ಸಲ ನನ್ನ ಸ್ಟಾಪು ದಾಟಿ ಹೋಗಿ ನಡೆದು ವಾಪಸು ಬಂದೆ.

ಇವತ್ತು ಸಮಿತಿಯ ವರದಿ ಬಂತು. ಹದಿನಾಲ್ಕನೆಯ ಪ್ಯಾರಾ. ‘ಹಾಜರಾದ ವೃದ್ಧೆಯು, ಬೀದಿಯಲ್ಲಿ ಕೊಂಡ ಕನ್ನಡಕದಿಂದ ತಮ್ಮ ದೃಷ್ಟಿ ಮಂದವಾದುದನ್ನು, ಕಣ್ಣೀರಿಡುತ್ತ ವಿವರಿಸಿದರು.’ ನನ್ನದೇ ವಾಕ್ಯ. ಬೇಡದ ಕಡೆ ಹಾಕಿದ ಅಲ್ಪವಿರಾಮವೂ ನನ್ನದೇ.

ಹದಿನೈದನೆಯ ಪ್ಯಾರಾ: ‘ಬೀದಿ ಮಾರಾಟಗಾರರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.’

ಆಫೀಸಿನಲ್ಲಿ ಸಿಹಿ ಹಂಚಿದರು. ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ. ಬಾಯಲ್ಲೇ ಇಟ್ಟುಕೊಂಡು ಟೈಪ್ ಮಾಡಿದೆ.

ಮಾರ್ಚ್ 7, ಸಂಜೆ

ಕನ್ನಡಕದವನು ಹಲಗೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಹೊಸ ಕಾನೂನು ಬರುತ್ತಿದೆ, ಜಾಗ ಖಾಲಿ ಮಾಡು ಎಂದು ನಿಲ್ದಾಣದವರು ಬೆಳಿಗ್ಗೆಯೇ ಹೇಳಿಹೋಗಿದ್ದಾರೆ. ಕಾನೂನು ಇನ್ನೂ ಆಗಿಯೇ ಇಲ್ಲ.

ಜೇಬಿನಿಂದ ಚೀಟಿ ತೆಗೆದು ತೋರಿಸಿದ. ಅರ್ಜಿ ಸ್ವೀಕರಿಸಿದ್ದಕ್ಕೆ ಸಮಿತಿ ಕಚೇರಿಯ ಮೊಹರು, ಫೆಬ್ರವರಿ 7.

“ಅಕ್ಕಾ, ನಮ್ಮ ಅರ್ಜಿ ಓದಿರ್ತಾರಾ?”

ಗೊತ್ತಿಲ್ಲ ಎಂದೆ. ಗೊತ್ತಿದ್ದೂ. ಚೀಟಿಯ ಫೋಟೊ ತೆಗೆದುಕೊಂಡೆ.

ಮಾರ್ಚ್ 8, ಶನಿವಾರ, ಬೆಳಿಗ್ಗೆ

ಅಮ್ಮ ಇವತ್ತಿನ ಪೇಪರ್ ಹಿಡಿದುಕೊಂಡು ಬಂದಳು. ಸಮಿತಿ ವರದಿಯ ಸುದ್ದಿ ಬಂದಿತ್ತು.

“ನಾನು ಯಾವಾಗ ಅತ್ತೆ? ಅತ್ತಳು ಅಂತ ಹಾಕಿದ್ದಾರೆ. ನನ್ನ ಕಣ್ಣು ಹೋಯ್ತು ಅಂತ ಹಾಕಿದ್ದಾರೆ. ಯಾರೇ ಬರೆದಿದ್ದು ಇದನ್ನ?”

“ನಾನು.”

ಅರ್ಥವಾಗಲಿಲ್ಲ ಅವಳಿಗೆ. ಎಲ್ಲವನ್ನೂ ಹೇಳಿದೆ — ಇಪ್ಪತ್ತೆಂಟು ಪತ್ರ, ಹಸಿರು ಇಂಕು, ಹಿಂದಿನ ದಿನವೇ ಬರೆದ ಪ್ಯಾರಾ.

“ಮತ್ತೆ ಆ ಮುದುಕಿ?”

“ಇಲ್ಲ.”

“ತೀರಿಕೊಂಡ್ರಾ?”

“ಇರಲೇ ಇಲ್ಲಮ್ಮ.”

ಅಮ್ಮ ಮಿಷನ್ನಿನ ಡ್ರಾಯರ್ ಎಳೆದು ಒಂದು ಪುಟ್ಟ ಬಟ್ಟೆಯ ಚೀಲ ತೆಗೆದಳು. ಕನ್ನಡಕ ಇಟ್ಟುಕೊಳ್ಳುವಂಥದ್ದು, ಒಳಗೆ ಮೆತ್ತನೆಯ ಅಸ್ತರು. “ಆಕೆಗೆ ಅಂತ ಹೊಲಿದಿದ್ದೆ. ಒಂದಿನ ಕರ್ಕೊಂಡು ಹೋಗು ಅಂತ ಕೇಳೋಣ ಅಂತಿದ್ದೆ.”

ಬೈಯಲಿಲ್ಲ. ನಾನು ಅಡುಗೆಮನೆಗೆ ಹೋದೆ, ಬಂದೆ, ಮತ್ತೆ ಹೋದೆ.

ಕೊನೆಗೆ ಅಲ್ಲಿಂದಲೇ ಕೂಗಿದಳು. “ನೀನೇ ಬರೆದಿದ್ದಾದ್ರೆ ತಿದ್ದೋದು ಸುಲಭ ಆಯ್ತಲ್ಲ. ಸೋಮವಾರ ಹೋಗೋಣ.”

“ಕೆಲಸ ಹೋಗುತ್ತೆ ಅಮ್ಮ.”

“ಹೋಗುತ್ತೆ.”

ಮಾರ್ಚ್ 10, ಬೆಳಿಗ್ಗೆ 11.20, ಸಮಿತಿ ಕಚೇರಿ

ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಫ್ರೇಮ್ ಸಾರ್ ಮೂರು ಸಲ ಫೋನು ಮಾಡಿದರು. ಎತ್ತಲಿಲ್ಲ.

ವರದಿಯಲ್ಲಿ ತಪ್ಪಿದ್ದರೆ ಸಾಕ್ಷಿ ಹೇಳಿದವರು ಏಳು ದಿನದೊಳಗೆ ತಿದ್ದುಪಡಿ ಕೇಳಬಹುದಂತೆ. ಅದಕ್ಕೊಂದು ನಮೂನೆ. ಅಮ್ಮ ತನ್ನ ಭಾಗ ತಾನೇ ತುಂಬಿದಳು, ದುಂಡನೆಯ ಅಕ್ಷರದಲ್ಲಿ: ‘ನಾನು ಅಳಲಿಲ್ಲ. ನನ್ನ ಕಣ್ಣು ಚೆನ್ನಾಗಿದೆ.’ ಕನ್ನಡಕದವನ ಚೀಟಿಯ ಫೋಟೊದ ಪ್ರತಿ ಲಗತ್ತಿಸಿದೆ.

ಐದನೆಯ ಕಾಲಂ — ತಪ್ಪು ಯಾರಿಂದ ಆಯಿತು.

“ಅದು ಖಾಲಿ ಬಿಡಿ ಮೇಡಂ, ಎಲ್ಲರೂ ಬಿಡ್ತಾರೆ” ಎಂದ ಗುಮಾಸ್ತ. ಬಿಟ್ಟರೆ ಒಳ್ಳೆಯದು ಎಂಬಂತೆ ನೋಡಿದ.

ನನ್ನ ಹೆಸರು ಬರೆದೆ. ಪೂರ್ತಿ. ಅದರ ಕೆಳಗೆ ಸಂಘದ ಹೆಸರು, ನನ್ನ ಹುದ್ದೆ, ಆ ಪ್ಯಾರಾ ಬರೆದ ತಾರೀಖು. ಇವರು ಇದನ್ನೂ ಕಳೆದುಹಾಕಬಹುದು. ಆದ್ದರಿಂದ ಎರಡು ಪ್ರತಿ. ಒಂದು, ಅವತ್ತು ಕನ್ನಡಕ ಎಲ್ಲಿಯದು ಎಂದು ಕೇಳಿದ ಸದಸ್ಯರಿಗೆ. ಅವರ ಕೋಣೆ ಮೂರನೇ ಮಹಡಿ, ಒಳಗೇ ಇದ್ದಾರಂತೆ. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು, ಮೊದಲು ಮುದುಕಿ ಇಲ್ಲ ಅನ್ನಬೇಕೋ ಅಥವಾ

ಕರೆದರು. ಅಮ್ಮ ಆಗಲೇ ಎದ್ದು ಮೆಟ್ಟಿಲ ಹತ್ತಿರ